ಇಚಿರೊ ಸುಜುಕಿ: ಹೋಮ್ ರನ್ ಕಮ್ಮಿ, ಆದರೂ ರೈಟ್ ಫೀಲ್ಡ್‌ನಲ್ಲಿ ಅಷ್ಟು ವರ್ಷ ಹೇಗೆ?

ಪ್ರಶ್ನೆ
ಬೇಸ್‌ಬಾಲ್‌ನಲ್ಲಿ ಔಟ್‌ಫೀಲ್ಡ್‌ನ (ಬೇಸ್‌ಗಳ ಆಚೆಯ ಹೊರ ಮೈದಾನ) ಎರಡು ಮೂಲೆಗಳಿಗೆ, ಅಂದರೆ ಲೆಫ್ಟ್ ಮತ್ತು ರೈಟ್ ಫೀಲ್ಡ್‌ಗೆ, ತಂಡಗಳು ಸಾಮಾನ್ಯವಾಗಿ ದೊಡ್ಡ ಹೊಡೆತದವರನ್ನೇ ಹುಡುಕುತ್ತವೆ. ಜಪಾನಿನ ಇಚಿರೊ ಅಮೆರಿಕದ 19 ಸೀಸನ್‌ಗಳಲ್ಲಿ ಹೊಡೆದ ಹೋಮ್ ರನ್ (ಸಾಮಾನ್ಯವಾಗಿ ಚೆಂಡು ಬೇಲಿಯಾಚೆ ಹೋಗುವ ಹೊಡೆತ) 117 ಅಷ್ಟೇ. ಆದರೂ 2025ರಲ್ಲಿ ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ 394ರಲ್ಲಿ 393 ಮತ. ಅಷ್ಟು ವೇಗ ಇದ್ದವರನ್ನು ಸೆಂಟರ್ ಫೀಲ್ಡ್‌ಗೆ ಯಾಕೆ ಹಾಕಲಿಲ್ಲ? 2004ರಲ್ಲಿ ಒಂದೇ ಸೀಸನ್‌ನ 262 ಹಿಟ್ (ಬೇಸ್ ತಲುಪಿಸುವ ಹೊಡೆತ) ದಾಖಲೆ "ಬರೀ ಸಿಂಗಲ್ಸ್" (ಒಂದೇ ಬೇಸ್‌ನ ಹಿಟ್‌ಗಳು) ಅನ್ನುವ ಟೀಕೆ ನಿಜವೇ?

ಉತ್ತರ 1
ಸೆಂಟರ್‌ನಲ್ಲೂ ಆಡಿದ್ದಾರೆ. 2006ರ ಕೊನೆಯಲ್ಲಿ ಹೋಗಿ 2007 ಪೂರ್ತಿ ಅಲ್ಲೇ ಇದ್ದರು, 2008ರಲ್ಲಿ ಮತ್ತೆ ರೈಟ್‌ಗೆ ಬಂದರು. 2001ರಿಂದ 2010ರವರೆಗೆ ಹತ್ತೂ ವರ್ಷ ಉತ್ತಮ ಫೀಲ್ಡಿಂಗ್‌ನ ಗೋಲ್ಡ್ ಗ್ಲವ್ ಪ್ರಶಸ್ತಿ ಅವರದೇ.

ರೈಟ್‌ಗೆ ಬೇಕಾದದ್ದು ತೋಳು. ಫಸ್ಟ್ ಬೇಸ್‌ನಲ್ಲಿ ಓಟಗಾರ ಇದ್ದಾಗ ಬಲಕ್ಕೆ ಸಿಂಗಲ್ ಹೋದರೆ ಅವನ ಕಣ್ಣು ಥರ್ಡ್ ಬೇಸ್ ಮೇಲೆ. ಮೂರು ಔಟ್‌ಫೀಲ್ಡರ್‌ಗಳಲ್ಲಿ ಥರ್ಡ್‌ಗೆ ಅತಿ ದೂರದ ಎಸೆತ ರೈಟ್ ಫೀಲ್ಡರ್‌ನದು. 2001ರ ಏಪ್ರಿಲ್‌ನಲ್ಲಿ ಓಕ್‌ಲ್ಯಾಂಡ್‌ನ ಟೆರೆನ್ಸ್ ಲಾಂಗ್ ಹೀಗೇ ಓಡಿ ಔಟಾದರು. ಚೆಂಡು ನೆಲ ಮುಟ್ಟದೆ ಥರ್ಡ್‌ಗೆ ಬಂದಿತ್ತು.

ಅಂಥ ಎಸೆತದಲ್ಲಿ ಕಾಲಿನ ಕೆಲಸವೇ ಹೆಚ್ಚು. ನಿಂತಲ್ಲೇ ಚೆಂಡು ಎತ್ತಬಾರದು, ಮುಂದಕ್ಕೆ ಓಡಿಬರುತ್ತಲೇ ಎತ್ತಬೇಕು. ನಂತರ ಒಂದು ಸಣ್ಣ ಜಿಗಿತ, ಎಸೆಯುವ ಕಡೆಯ ಕಾಲು ಊರಿ ದೇಹದ ತೂಕ ಗುರಿಯತ್ತ. ಬೆರಳುಗಳು ಹೊಲಿಗೆಗೆ ಅಡ್ಡವಾಗಿ ಕೂತು, ತೋಳು ಮೇಲಿಂದ ಬರಬೇಕು. ತೋಳು ಪಕ್ಕಕ್ಕೆ ಜಾರಿದರೆ ಚೆಂಡು ಬಾಗಿ ಬೇಸ್‌ನಿಂದ ದೂರ ಹೋಗುತ್ತದೆ. ಇನ್ನೊಂದು ಅಪಾಯ ಎತ್ತರ: ಎಸೆತವನ್ನು ನಡುವೆ ತಡೆಯಲು ನಿಂತ ಕಟ್‌ಆಫ್ ಆಟಗಾರನ ಕೈಗೆ ಸಿಗದಷ್ಟು ಮೇಲೆ ಹೋದರೆ, ಥರ್ಡ್‌ನಲ್ಲಿ ಔಟೂ ಸಿಗುವುದಿಲ್ಲ, ಹೊಡೆದವನು ಸದ್ದಿಲ್ಲದೆ ಸೆಕೆಂಡ್ ತಲುಪಿರುತ್ತಾನೆ.

ಉತ್ತರ 2
ಸಿಂಗಲ್ಸ್ ಲೆಕ್ಕ ನಿಜ, 262ರಲ್ಲಿ 225. ಆದರೆ ಅದನ್ನು ದೋಷ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಸರಾಸರಿ .372, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಫಸ್ಟ್ ಬೇಸ್) 49 ಮಾತ್ರವಾದರೂ ಬೇಸ್ ತಲುಪಿದ ಪ್ರಮಾಣ .414. ಮೊದಲ ಬ್ಯಾಟರ್‌ನಿಂದ ಇನ್ನೇನು ಬೇಕು?

ನ್ಯಾಯವಾದ ಆಕ್ಷೇಪ ಬೇರೆಯದು. ಹಿಂದಿನ ದಾಖಲೆಯ ಜಾರ್ಜ್ ಸಿಸ್ಲರ್ 1920ರಲ್ಲಿ 257 ಹೊಡೆದಾಗ ಸೀಸನ್ 154 ಪಂದ್ಯಗಳದು, ಅಟ್-ಬ್ಯಾಟ್ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ) 631. ಇಚಿರೊಗೆ 161 ಪಂದ್ಯ, 704 ಅಟ್-ಬ್ಯಾಟ್.

ಬಲಗೈಯಲ್ಲಿ ಎಸೆದರೂ ಬ್ಯಾಟಿಂಗ್ ಎಡಗಡೆಯಿಂದ. ಅಲ್ಲಿ ನಿಂತವನಿಗೆ 90 ಅಡಿ ದೂರದ ಫಸ್ಟ್ ಬೇಸ್ ಒಂದೆರಡು ಹೆಜ್ಜೆ ಹತ್ತಿರ. ಅವರು ಚೆಂಡು ತಾಗುವಾಗಲೇ ದೇಹವನ್ನು ಆ ಕಡೆ ಹೊರಡಿಸುತ್ತಿದ್ದರು. ಹಾಗಾಗಿ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ನಡುವಿನ ಫೀಲ್ಡರ್) ಎಸೆಯುವುದು ಕೊಂಚ ತಡವಾದರೂ ಹಿಟ್. ಬೆಲೆಯೂ ಇದೆ: ತೂಕ ಬೇಗ ಮುಂದೆ ಹೋದರೆ ಹೊಡೆತದ ಬಲ ಕರಗುತ್ತದೆ.

ಉತ್ತರ 3
ಈ ಶೈಲಿಗೆ ವಯಸ್ಸೇ ಶತ್ರು. ಸತತ ಹತ್ತು ಸೀಸನ್ 200 ದಾಟಿದವರು 2011ರಲ್ಲಿ 184 ಹಿಟ್, ಸರಾಸರಿ .272ಕ್ಕೆ ಇಳಿದರು. ಕಾಲು ಅರ್ಧ ಹೆಜ್ಜೆ ನಿಧಾನವಾದರೆ ಅದೇ ನೆಲದ ಚೆಂಡು ಔಟ್. ಹೋಮ್ ರನ್ ಹೊಡೆದು ತುಂಬಿಕೊಳ್ಳುವ ದಾರಿಯೂ ಇಲ್ಲ. 2012ರ ಜುಲೈನಲ್ಲಿ ಸಿಯಾಟಲ್ ತಂಡದಿಂದ ಯಾಂಕೀಸ್‌ಗೆ, 2015ರಲ್ಲಿ ಮಾರ್ಲಿನ್ಸ್‌ಗೆ ನಾಲ್ಕನೇ ಔಟ್‌ಫೀಲ್ಡರ್ ಆಗಿ. ಆ ಕೆಲಸ ಸುಲಭದ್ದಲ್ಲ: ಮೂರೂ ಜಾಗ ನಿಭಾಯಿಸಬೇಕು, ಗಂಟೆಗಟ್ಟಲೆ ಬೆಂಚ್ ಮೇಲೆ ಕೂತು ಒಂದೇ ಸಲ ಬ್ಯಾಟ್ ಹಿಡಿಯಬೇಕು. 3000ನೇ ಹಿಟ್ ಬಂದದ್ದು ಮಾರ್ಲಿನ್ಸ್ ಪರ ಆಡುವಾಗಲೇ, 2016ರ ಆಗಸ್ಟ್ 7ರಂದು ಡೆನ್ವರ್‌ನಲ್ಲಿ. ಅದೂ ಟ್ರಿಪಲ್ (ಮೂರು ಬೇಸ್‌ನ ಹಿಟ್)!

ಪ್ರಶ್ನಿಸಿದವರು
ಹಾಗಾದರೆ 4367 ಹಿಟ್ ಅನ್ನುವ ಲೆಕ್ಕ?

ಉತ್ತರ 2
ಜಪಾನಿನ 1278, ಅಮೆರಿಕದ 3089 ಸೇರಿಸಿದ್ದು. ಅಮೆರಿಕದಲ್ಲಿ ಅತಿ ಹೆಚ್ಚು ಹಿಟ್ ಹೊಡೆದ ಪೀಟ್ ರೋಸ್ ಅವರ 4256 ಜತೆ ಅಧಿಕೃತವಾಗಿ ಹೋಲಿಸುವುದಿಲ್ಲ, ಲೀಗ್ ಮಟ್ಟ ಬೇರೆ. ಆದರೆ ಜಪಾನಿನ ಒರಿಕ್ಸ್ ತಂಡದಲ್ಲಿ 1994ರಲ್ಲಿ 210 ಹಿಟ್ ಹೊಡೆದದ್ದು 130 ಪಂದ್ಯಗಳಲ್ಲಿ. ಕೂಡುವವರು ಅದನ್ನೂ ನೋಡಬೇಕು.