ಬಿಸಿಲಿನಿಂದ ಚರ್ಮ ಕಾಪಾಡೋಕೆ ಎಂಥ ಬಟ್ಟೆ ಒಳ್ಳೇದು? ಅನುಭವ ಇದ್ದವರು ಹೇಳಿ

ನನ್ನ ತಂಗಿಗೆ ಲೂಪಸ್ (ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗುವ ಕಾಯಿಲೆ) ಇದೆ. ಬಿಸಿಲು ತಾಗಿದರೆ ಮೈಮೇಲೆ ದದ್ದು ಏಳುತ್ತದೆ. ಸನ್‌ಸ್ಕ್ರೀನ್ ತಪ್ಪದೆ ಹಚ್ಚುತ್ತಾಳೆ. ತೆಳ್ಳನೆಯ ಬಿಳಿ ಕಾಟನ್ನಿನ ತುಂಬು ತೋಳಿನ ಅಂಗಿ ಹಾಕುತ್ತಾಳೆ, ಆದರೂ ತೋಳು ಉರಿಯುತ್ತದೆ ಅಂತಾಳೆ. ಯಾವ ಬಟ್ಟೆ ಕೊಳ್ಳಲಿ?

ಉತ್ತರ 1

ನನಗೂ ಲೂಪಸ್ ಇದೆ, ಆ ಉರಿ ಹೇಗಿರುತ್ತದೆ ಅಂತ ಗೊತ್ತು. ಮೊದಲು ಆ ಅಂಗಿ ಬದಲಾಯಿಸಿ. ಬಟ್ಟೆ ನೇರಳಾತೀತ ಕಿರಣವನ್ನು ಎಷ್ಟು ತಡೆಯುತ್ತದೆ ಅನ್ನೋದಕ್ಕೆ ಯುಪಿಎಫ್ ಅಂತ ಅಳತೆ ಇದೆ. ಯುಪಿಎಫ್ 50 ಅಂದರೆ ಐವತ್ತರಲ್ಲಿ ಒಂದು ಪಾಲು, ಅಂದರೆ 2% ಮಾತ್ರ ಒಳಗೆ ಬರುತ್ತದೆ. ತೆಳು ಬಿಳಿ ಕಾಟನ್ನಿಗೆ ಸಾಮಾನ್ಯವಾಗಿ 5ರಿಂದ 7 ಅಷ್ಟೇ. ಬೆವರಿಗೆ ಒದ್ದೆಯಾದರೆ ಅದೂ ಇಳಿಯುತ್ತದೆ. ಒದ್ದೆ ಬಿಳಿ ಅಂಗಿ ಅಂಟಿಕೊಂಡಾಗ ಚರ್ಮ ಕಾಣುತ್ತದೆ ಅಲ್ವಾ? ನೂಲಿನ ನಡುವೆ ನೀರು ತುಂಬಿದಾಗ ಬೆಳಕು ಚದುರದೆ ಸೀದಾ ಒಳಗೆ ಹೋಗುತ್ತದೆ.

ಕೊಳ್ಳುವಾಗ ನಾನು ಬಟ್ಟೆಯೊಳಗೆ ಕೈ ತೂರಿಸಿ ಬೆಳಕಿಗೆ ಹಿಡಿಯುತ್ತೇನೆ. ಬೆರಳುಗಳ ಗೆರೆ ಬಿಡಿಬಿಡಿಯಾಗಿ ಕಂಡರೆ ವಾಪಸ್ ಇಡುತ್ತೇನೆ. ನೇಯ್ಗೆ ಒತ್ತಾಗಿರಬೇಕು, ಉಳಿದದ್ದೆಲ್ಲ ಆಮೇಲೆ. ಡೆನಿಮ್ ಅಷ್ಟು ಚೆನ್ನಾಗಿ ತಡೆಯೋದು ಇದಕ್ಕೇ. ಆದರೆ ಸೆಕೆಗೆ ಡೆನಿಮ್ ಅಂಗಿ ಹಾಕು ಅಂತ ಯಾರಿಗೂ ಹೇಳಲಾರೆ.

ಉತ್ತರ 2

ನಾನು ಬಟ್ಟೆಗೆ ಬಣ್ಣ ಹಾಕುವ ಕೆಲಸದಲ್ಲಿದ್ದೇನೆ. ಮೇಲಿನ ಮಾತು ಸರಿ, ಅದಕ್ಕೆ ನೂಲು ಮತ್ತು ಬಣ್ಣ ಸೇರಿಸುತ್ತೇನೆ. ಒಂದೇ ಥಾನಿನ ಕಾಟನ್ನಿಗೆ ಕಡು ನೀಲಿ ಅಥವಾ ಕಡು ಕೆಂಪು ಹಾಕಿದರೆ, ತಿಳಿ ಬಣ್ಣದ್ದಕ್ಕಿಂತ ಚೆನ್ನಾಗಿ ಕಿರಣ ಹೀರುತ್ತದೆ. ಬ್ಲೀಚ್ ಮಾಡದ ಕೆನೆ ಬಣ್ಣದ ಕಾಟನ್ ಕೂಡ ಬ್ಲೀಚ್ ಮಾಡಿದ್ದಕ್ಕಿಂತ ವಾಸಿ, ಹತ್ತಿಯಲ್ಲಿ ಸಹಜವಾಗಿ ಇರುವ ಕಿರಣ ಹೀರುವ ಅಂಶ ಬ್ಲೀಚ್‌ನಲ್ಲಿ ಹೋಗಿಬಿಡುತ್ತದೆ. ಪಾಲಿಯೆಸ್ಟರ್ ಅಣುವಿನಲ್ಲಿ ಬೆಂಜೀನ್ ಉಂಗುರ (ಆರು ಇಂಗಾಲದ ಪರಮಾಣುಗಳ ಬಳೆ) ಇರುವುದರಿಂದ ಯುವಿಬಿಯನ್ನು, ಅಂದರೆ ಚರ್ಮ ಸುಡುವ ಬಗೆಯ ನೇರಳಾತೀತ ಕಿರಣವನ್ನು, ತಾನೇ ಹೀರುತ್ತದೆ. ಚರ್ಮದಲ್ಲಿ ಇನ್ನೂ ಆಳಕ್ಕೆ ಇಳಿಯುವ ಯುವಿಎ ಕಿರಣದ ಮಟ್ಟಿಗೆ ಅಷ್ಟು ಬಲ ಇಲ್ಲ. ಹಾಗಾಗಿ ತೆಳು ಪಾಲಿಯೆಸ್ಟರ್ ಆದರೂ ಬಣ್ಣ ಗಾಢವಾಗಿರಲಿ.

ಇನ್ನೊಂದು, ಮೈಗೆ ಬಿಗಿದುಕೊಳ್ಳುವ ಅಂಗಿ ಬೇಡ. ಹೆಣಿಗೆ ಬಟ್ಟೆ ಹಿಗ್ಗಿದಾಗ ಮೊಣಕೈ, ಭುಜದ ಹತ್ತಿರ ಕಣ್ಣು ಬಿಡುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಯುಪಿಎಫ್‌ಗೆ 1996ರಲ್ಲಿ ಮಾನದಂಡ ತಂದದ್ದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್. ಅಲ್ಲಿ ಬಟ್ಟೆಯನ್ನು ಒಣಗಿದ್ದಾಗ, ಎಳೆಯದೆ ಅಳೆಯುತ್ತಾರೆ. ಒಂದು ಸೈಜ್ ದೊಡ್ಡದು ತಗೊಂಡರೆ ಲೇಬಲ್ಲಿನ ಸಂಖ್ಯೆ ಮೈಮೇಲೂ ಹೆಚ್ಚುಕಡಿಮೆ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯ್ತು. ಹಾಗಾದರೆ ಇರುವ ಕಾಟನ್ ಅಂಗಿಗಳನ್ನೆಲ್ಲ ಬಿಸಾಡಬೇಕಾ?

ಉತ್ತರ 3

ಬೇಡ, ಸುಮ್ನೆ ಯಾಕೆ ಖರ್ಚು? ಹೊಸ ಕಾಟನ್ ಒಗೆದಾಗ ಸ್ವಲ್ಪ ಕುಗ್ಗಿ ನೂಲುಗಳು ಹತ್ತಿರವಾಗುತ್ತವೆ, ತಡೆಯುವ ಶಕ್ತಿ ಜಾಸ್ತಿಯಾಗುತ್ತದೆ. ಬಿಳಿ ಬಟ್ಟೆಗೆ ಹೊಳಪು ಕೊಡುವ ಅಂಶ ಕೆಲವು ಡಿಟರ್ಜೆಂಟ್‌ಗಳಲ್ಲಿ ಇರುತ್ತದೆ, ಅದೂ ನೇರಳಾತೀತ ಕಿರಣ ಹೀರುತ್ತದೆ. ಸವೆದು ಜಾಳಾದದ್ದನ್ನು ಮಾತ್ರ ಮನೆಯೊಳಗೆ ಹಾಕಿಕೊಳ್ಳಲಿ, ಅದೂ ಕಿಟಕಿಯಿಂದ ದೂರ. ಕಿಟಕಿಯ ಗಾಜು ಯುವಿಬಿಯನ್ನು ತಡೆಯುತ್ತದೆ, ಯುವಿಎ ಬಹಳಷ್ಟು ಒಳಗೆ ಬರುತ್ತದೆ. ಕಾರಿನಲ್ಲಿ ಕಿಟಕಿ ಪಕ್ಕ ಕೂತಾಗಲೂ ಒತ್ತು ನೇಯ್ಗೆಯ ತುಂಬು ತೋಳಿನ ಅಂಗಿಯೇ ಇರಲಿ.