ಅಪ್‌ಡೇಟ್: ಹಿಂಗಾಲು ಕುಂಟುತ್ತಿದ್ದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು

ಮೈಲುತುತ್ತದ (ಕಾಪರ್ ಸಲ್ಫೇಟ್) ನೀರಲ್ಲಿ ನಿಲ್ಲಿಸಿದರೂ ನಮ್ಮ ಹಸು ಹಿಂಗಾಲು ಊರುತ್ತಿಲ್ಲ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಡಾಕ್ಟರು ಗೊರಸು ಕೆತ್ತಿ ನೋಡಿದರೆ ಹೊರಗೊರಸಿನ (ಕಾಲಿನ ಎರಡು ಗೊರಸುಗಳಲ್ಲಿ ಹೊರಗಿನದು) ಅಡಿಯಲ್ಲಿ ಹುಣ್ಣು. ಗೊರಸು ಅತಿಯಾಗಿ ಬೆಳೆದು ಭಾರವೆಲ್ಲ ಅಲ್ಲೇ ಬೀಳುತ್ತಿತ್ತು. ತುತ್ತದ ನೀರು ಗೊರಸಿನ ಸಂದಿನ ಸೋಂಕಿಗೆ ಸರಿ, ಇದಕ್ಕಲ್ಲ. ಒಳಗೊರಸಿಗೆ ಮರದ ತುಂಡು ಅಂಟಿಸಿದ್ದಾರೆ. ಈಗ ಹುಣ್ಣಿಗೆ ನೆಲ ತಾಗುವುದಿಲ್ಲ.

ನನ್ನ ತುತ್ತದ ಲೆಕ್ಕವೂ ತಪ್ಪಿತ್ತು ಅನ್ನಿ. 10 ಲೀಟರ್ ನೀರಿಗೆ 500 ಗ್ರಾಂ ತುತ್ತ ಬೇಕು, ತೊಟ್ಟಿಯಲ್ಲಿ ನೀರಿನ ಆಳ 10–12 ಸೆಂ.ಮೀ. ಮೊದಲು ಗೊರಸು ತೊಳೆಯಿರಿ. ಸಗಣಿ ಬೆರೆತರೆ ತುತ್ತದ ಶಕ್ತಿ ಹೋಯಿತು. ತಗಡಿನ ತೊಟ್ಟಿ ತಿಂದುಹೋಗುತ್ತದೆ, ಪ್ಲಾಸ್ಟಿಕ್‌ನದೇ ಇಡಿ. ಹಸು ಬಾಯಿ ಹಾಕದಂತೆ ನೋಡಿಕೊಳ್ಳಿ, ವಿಷ.

ಇನ್ನು ಆರು ತಿಂಗಳಿಗೊಮ್ಮೆ ಕೆತ್ತಿಸುವುದು. ಗೊರಸಿನ ಮುಂಭಾಗದಲ್ಲಿ ಕೂದಲು ಮುಗಿಯುವಲ್ಲಿಂದ ತುದಿಗೆ ಸುಮಾರು 7.5 ಸೆಂ.ಮೀ. ಉಳಿಯಲೇಬೇಕು, ಇನ್ನೂ ಕೆತ್ತಿದರೆ ಅಡಿ ತೆಳುವಾಗಿ ಮತ್ತೆ ಕುಂಟು.