ಸಹಾಯ ಬೇಕು: ಪ್ಯಾಂಟು ಸಡಿಲ ಆಯ್ತು, ತೂಕ ಮಾತ್ರ ಅಲ್ಲೇ ನಿಂತಿದೆ

ಎಲ್ರಿಗೂ ನಮಸ್ಕಾರ. ಮಂಡ್ಯದವನು, ವಯಸ್ಸು 41, ದಿನಪೂರ್ತಿ ಕೂತು ಮಾಡೋ ಕೆಲಸ. ಜಿಮ್ಮಿಗೆ ದುಡ್ಡು ಕಟ್ಟಿ ನಾಲ್ಕು ದಿನ ಹೋಗಿ ಬಿಟ್ಟ ಗಿರಾಕಿ ನಾನು, ಅದಕ್ಕೇ ಈ ಸಲ ಮನೇಲೇ ಶುರು ಮಾಡ್ದೆ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, 2 ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲ್ಲ, ಅದನ್ನೇ ಹಿಡ್ಕೊಂಡೆ. ಬೆಳಿಗ್ಗೆ ನಾಲೆ ಏರಿ ಮೇಲೆ ಅರ್ಧ ಗಂಟೆ ನಡಿಗೆ. ಆಮೇಲೆ ಗೋಡೆ ಹಿಡಿದು ಪುಷ್‌ಅಪ್, ಕುರ್ಚಿ ಮೇಲೆ ಕೂತು ಏಳೋ ಸ್ಕ್ವಾಟ್. ಡಂಬೆಲ್ ಇಲ್ಲ, 5 ಕೇಜಿ ರಾಗಿಹಿಟ್ಟಿನ ಚೀಲಾನೇ ಎತ್ತೋದು (ಒಂದ್ಸಲ ಹೊಲಿಗೆ ಬಿಟ್ಟು ತಲೆ ತುಂಬಾ ಹಿಟ್ಟು).

ಎರಡೂವರೆ ತಿಂಗಳಾಯ್ತು. ಬೆಲ್ಟು ಎರಡು ತೂತು ಒಳಕ್ಕೆ ಬಂದಿದೆ, ಮೆಟ್ಟಿಲು ಹತ್ತಿದ್ರೆ ಏದುಸಿರಿಲ್ಲ. ಆದ್ರೆ ಮೊದಲು 86 ಇದ್ದ ತೂಕ ಈಗ್ಲೂ 85 ಚಿಲ್ಲರೆ! ರಾತ್ರಿ ಎರಡು ಮುದ್ದೇನ ಒಂದಕ್ಕೆ ಇಳಿಸ್ದೆ, ಟೀಗೆ ಸಕ್ಕರೆ ಬಿಟ್ಟೆ. ತಕ್ಕಡಿ ನೋಡ್ದಾಗೆಲ್ಲ ಬೇಜಾರಾಗಿ ಮಾರನೇ ದಿನ ಏಳೋಕೇ ಮನಸ್ಸಾಗಲ್ಲ.

ಕೊಬ್ಬು ಕರಗಿ ಸ್ನಾಯು ಬಂದ್ರೆ ತೂಕ ಹಿಂಗೇ ನಿಲ್ಲುತ್ತಾ? ಇನ್ನೊಂದು ತಿಂಗಳು ತಕ್ಕಡಿ ಬಿಟ್ಟು ಸೊಂಟದ ಅಳತೆ ಮಾತ್ರ ನೋಡ್ಲಾ, ಇಲ್ಲಾ ಊಟ ಇನ್ನೂ ಕಮ್ಮಿ ಮಾಡ್ಲಾ? ಅನುಭವ ಇರೋರು ಹೇಳಿ.